ಹದಿನೆಂಟು ಮೊಳದ ಸೀರೆ, ಒಂದು ನಿಲುವಂಗಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಶಾಲೆ ಕಾಲೇಜುಗಳಲ್ಲಿ ಐತಿಹಾಸಿಕ ನಾಟಕ ಗೊತ್ತಾಯಿತೆಂದರೆ ಮಾತು ಬಲುಬೇಗ ವೇಷಕ್ಕೆ ಬಂದು ನಿಲ್ಲುತ್ತದೆ. 1857ರ ಹಲಗಲಿ ಬೇಡರ ಬಂಡಾಯವಿರಲಿ, ಕಿತ್ತೂರ ಚೆನ್ನಮ್ಮನ ಕಥೆಯಿರಲಿ, ಜಮಖಂಡಿಯ ಪಟವರ್ಧನರ ದರ್ಬಾರಿರಲಿ, ಗಾದಿಯ ಮೇಲೆ ಕೂರುವವನಿಗೂ ಅವನ ಸರದಾರರಿಗೂ ಮೊಣಕಾಲು ದಾಟಿ ಇಳಿಯುವ ನಿಲುವಂಗಿ ಬೇಕು. ಬಾಡಿಗೆಗೆ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್ ಮಖಮಲ್ಲು, ಅದರ ಮೇಲೆ ಅಂಟಿಸಿದ ಚಮಕಿ. ಯಾವ ಶತಮಾನದ ಯಾವ ಅರಸನಿಗೂ ಅದೇ ಅಂಗಿ. ಇತ್ತ ಮನೆಯಲ್ಲಿ ಹೊಲಿಗೆ ಯಂತ್ರವಿದೆ; ಟ್ರಂಕಿನ ತಳದಲ್ಲಿ ಈಗ ಯಾರೂ ಉಡದ ಹದಿನೆಂಟು ಮೊಳದ ಇಳಕಲ್ ಸೀರೆಯಿದೆ. ಅದಕ್ಕೆ ಕತ್ತರಿ ಹಾಕಿ ನಿಲುವಂಗಿ ಹೊಲಿಯಬಹುದೇ? ಈ ಪ್ರಶ್ನೆಗೆ ಎರಡೂ ಕಡೆ ಗಟ್ಟಿ ಕಾರಣಗಳಿವೆ. ಅವನ್ನು ಇಬ್ಬರು ಹೆಂಗಸರ ಬಾಯಲ್ಲಿ ಇಟ್ಟಿದ್ದೇನೆ. ಒಬ್ಬಳು ಮಗ್ಗದ ಮನೆಯಲ್ಲಿ ಬೆಳೆದ ಹಿರಿಯಳು. ಇನ್ನೊಬ್ಬಳು ಜಮಖಂಡಿಯ ದರ್ಬಾರಿನ ನಾಟಕಕ್ಕೆ ಬಟ್ಟೆ ಹೊಲಿಯಲು ಹೊರಟ ಕಿರಿಯಳು.

ಕಿರಿಯಳು: ಈ ಸೀರಿ ಉಡಾಕ ಬರೂದಿಲ್ಲ, ಒಪ್ಪತೀರಿಲ್ಲೋ? ಹದಿನೆಂಟು ಮೊಳ, ಅಂದ್ರ ಎಂಟು ಮೀಟರಿಗೂ ಹೆಚ್ಚು. ಕಚ್ಚಿ ಹಾಕಿ ಉಡೂದು ನಮ್ಮ ವಾರಗಿಯವರಿಗೆ ಗೊತ್ತಿಲ್ಲ, ಗೊತ್ತಿದ್ದವರು ಈಗ ಉಡೂದಿಲ್ಲ. ಟ್ರಂಕಿನ್ಯಾಗ ಇಟ್ಟರ ಉಳೀತೈತಿ ಅಂತ ತಿಳದೀವಿ, ಅದೂ ಸುಳ್ಳು. ರೇಷ್ಮಿ ಮಡಚಿದ ಗೆರಿ ಮ್ಯಾಲೇ ಸೀಳತೈತಿ. ಮಡಿಕಿ ಬದಲಸಲಾರದ ವರ್ಷಾನುಗಟ್ಟಲೆ ಇಟ್ಟ ಸೀರಿ ಬಿಚ್ಚಿದ್ರ ಅದರ ಸೆರಗು ಪಟ್ಟಿ ಪಟ್ಟಿ ಆಗಿ ಕೈಗೆ ಬರತೈತಿ. ಅದರ ಬದಲು ಅದು ನಾಕು ಮಂದಿ ನೋಡೂವಂಗ ರಂಗದ ಮ್ಯಾಲ ನಿಂತರ ತಪ್ಪೇನು?

ಹಿರಿಯಳು: ನಿಲ್ಲಲಿ, ನಾ ಬ್ಯಾಡ ಅನ್ನಲಿಲ್ಲ. ಮೊದಲ ಒಂದು ಹೇಳು, ನೀ ಹೊಲಿಯೂದು ಯಾವ ಕಾಲದ ನಿಲುವಂಗಿ? ನಮ್ಮ ಸೀಮಿ ಮೊದಲ ಬಿಜಾಪುರದ ಆದಿಲಶಾಹಿ ಕೈಯಾಗಿತ್ತು, 1686ರ ತನಕ. ಮುಧೋಳದ ಘೋರ್ಪಡೆಯವರು ಆ ದರ್ಬಾರಿಗೂ ನಡಕೊಂಡವರು. ಜಮಖಂಡಿ ಸಂಸ್ಥಾನ ಪಟವರ್ಧನರದು, ಅದು ಬ್ಯಾರೆ ಆಗಿ ನಿಂತದ್ದು 1811ರಾಗ. ನಡುವ ನೂರಕ್ಕೂ ಹೆಚ್ಚು ವರ್ಷ ಹೋದುವು. ಅಷ್ಟರಾಗ ಅಂಗಿ ಕೊಯ್ತ ಬದಲಾಗಿರೂದಿಲ್ಲೇನು? ಬಾಡಿಗಿ ಅಂಗಡಿ ಅಂಗಿಗೆ ನೀ ಹಚ್ಚೂ ದೋಷ ನಿನ್ನ ಅಂಗಿಗೂ ಬರಬಾರದಲ್ಲ.

ಕಿರಿಯಳು: ಅದನ್ನ ನೋಡೇ ಹೊರಟೀನಿ. ಹದಿನಾರನೇ ಶತಮಾನದ ಕೊನೀ ಹೊತ್ತಿನ ಮೊಗಲ ಚಿತ್ರದಾಗ, ದಖನಿ ಚಿತ್ರದಾಗ ನಾಕು ಚುಂಗಿನ ಜಾಮಾ ಅನ್ನೂ ನಿಲುವಂಗಿ ಕಾಣತೈತಿ. ತೆಳ್ಳನ್ನ ಅರಿವಿ, ಕೆಳಗಿನ ಅಂಚು ನಾಕು ಕಡೆ ಚೂಪಾಗಿ ಇಳದಿರತೈತಿ. ಆಮ್ಯಾಲೆ ಅಂಚು ದುಂಡಗಾಗಿ ಘೇರು ಬೆಳೀತು. ಎಲ್ಲದಕ್ಕೂ ಮೈ ಒಂದ ನಮೂನಿ: ಎದಿ ಮ್ಯಾಲ ಒಂದು ಪದರು ಇನ್ನೊಂದರ ಮ್ಯಾಲ ಬಂದು ಕಂಕುಳ ಕೆಳಗ ಕಸಿ ಕಟ್ಟೂದು. ಯಾವ ಕಡೆ ಕಟ್ಟತಾರ ಅನ್ನೂದೂ ಮುಖ್ಯ. ಮೊಗಲ ದರ್ಬಾರಿನ ಚಿತ್ರದಾಗ ಹಿಂದೂ ಸರದಾರರ ಜಾಮಾ ಎಡಕ್ಕ ಕಟ್ಟಿರತೈತಿ, ಮುಸಲ್ಮಾನರದು ಬಲಕ್ಕ. ನಾಟಕದವರು ಇದನ್ನ ನೋಡೂದ ಇಲ್ಲ, ಕನ್ನಡಿ ನೋಡಿ ಕೊಯ್ದವರಂಗ ಅದಲು ಬದಲು ಮಾಡಿ ಬಿಡತಾರ. ನನ್ನ ತಕರಾರು ಮುಂದಿಂದು. ನಡಾ ಬಿಗಿಯಾಗಿದ್ದು ಕೆಳಗ ಛತ್ರಿ ಆಗಬೇಕಂದ್ರ ಕಳಿ ಕೊಯ್ಯಲೇಬೇಕು. ಆಯತದ ಒಂದು ತುಂಡು ತಗೊಂಡು ಓರಿಯಾಗಿ ಕತ್ತರಿಸಿ, ಎರಡರಾಗ ಒಂದನ್ನ ತಿರುವಿ ಇಟ್ಟರ ಮ್ಯಾಲ ಸಣ್ಣ, ಕೆಳಗ ಅಗಲ ಇರೂ ಎರಡು ಕಳಿ ಸಿಗತಾವು. ಒಂದು ಬೊಟ್ಟು ಅರಿವಿನೂ ದಂಡ ಆಗೂದಿಲ್ಲ. ಹಳೇ ಕಾಲದ ದರ್ಜಿಗಳ ಜಾಣತನ ಅದು.

ಹಿರಿಯಳು: ಜಾಣತನ ಹೌದು. ಆದ್ರ ಅವರ ಮುಂದಿದ್ದದ್ದು ಥಾನಿನ ಅರಿವಿ. ಎಲ್ಲಿ ಕೊಯ್ದರೂ ಅದ ಅರಿವಿ. ಇಳಕಲ್ಲ ಸೀರಿ ಹಂಗಲ್ಲ. ಅದರ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲಿಗೆ ಹತ್ತಿ ಎಳಿ, ಸೆರಗಿಗೆ ಕೆಂಪು ರೇಷ್ಮಿ. ಈ ಎರಡು ಹಾಸಿನ ಎಳಿಗಳನ್ನ ಕುಣಿಕಿ ಹಾಕಿ ಒಂದರಾಗೊಂದು ಸಿಗಿಸತಾರ. ಇದಕ್ಕ ಟೋಪ ತೆನಿ ಅಂತಾರ. ಹಂಗಾಗಿ ಒಂದೊಂದು ಸೀರಿಗೂ ಒಂದೊಂದು ಹಾಸು ಹೂಡಬೇಕು. ಬ್ಯಾರೆ ಮಗ್ಗದಾಗ ಉದ್ದನ್ನ ಹಾಸು ಹೂಡಿ ಸಾಲಾಗಿ ಸೀರಿ ನೇದು, ಆಮ್ಯಾಲೆ ಕತ್ತರಿಸಿ ಕೊಡತಾರ. ಇಲ್ಲಿ ಸೀರಿ ಮಗ್ಗದ ಮ್ಯಾಲ ಏರೂವಾಗಲೇ ಅದಕ್ಕ ಒಂದು ಮೊದಲು, ಒಂದು ಕೊನಿ ಗೊತ್ತಾಗಿರತೈತಿ. ಅದನ್ನ ನೀ ಹದಿನಾರು ಕಳಿ ಮಾಡಿದ್ರ ಚಿಕ್ಕಿ ಪರಾಸ ದಡಿ ಹದಿನಾರು ತುಣುಕಾಗಿ ಒಂದೊಂದು ಒಂದೊಂದು ಕೋನಕ್ಕ ನಿಂದರತೈತಿ. ಗೋಮಿ ದಡಿ ಆದರೂ ಅಷ್ಟ, ಗಾಡಿ ದಡಿ ಆದರೂ ಅಷ್ಟ. ಆಮ್ಯಾಲೆ ಅದು ಇಳಕಲ್ಲ ಅಂತ ಹೇಳಾಕ ಬಣ್ಣ ಒಂದು ಉಳೀತೈತಿ.

ಕಿರಿಯಳು: ನೀವು ಸೀರಿ ಕೊಯ್ಯಬಾರದು ಅಂತೀರಿ. ಕೌದಿ ಮತ್ತ ಎಲ್ಲಿಂದ ಬಂತ್ರಿ? ಉತ್ತರ ಕರ್ನಾಟಕದ ಹೆಂಗಸರು ಎಷ್ಟು ಸೀರಿ ಹರದು, ತುಣುಕು ಜೋಡಿಸಿ, ಒಂದೊಂದ ಹೊಲಿಗಿ ಹಾಕಿ ಕೌದಿ ಮಾಡ್ಯಾರ! ಕೂಸಿಗೆ ಕುಂಚಿಗಿ, ಕುಲಾಯಿ, ಹಾಸಾಕ ದುಪ್ಪಟಿ. ಹಳೇ ಅರಿವಿಗೆ ಹೊಸ ಜನ್ಮ ಕೊಡೂದು ನಾವು ಪ್ಯಾಟಿಂದ ಕಲತದ್ದಲ್ಲ, ನಮ್ಮ ಮನೀದ. ಅಜ್ಜಿ ಕೌದಿ ಮಾಡಿದ್ರ ಕಸಬು, ಮೊಮ್ಮಗಳು ನಿಲುವಂಗಿ ಮಾಡಿದ್ರ ಕೇಡು, ಇದ್ಯಾವ ನ್ಯಾಯ?

ಹಿರಿಯಳು: ಕೌದಿಗೆ ಹೋಗೂ ಸೀರಿ ಉಟ್ಟು ಉಟ್ಟು ಸವದದ್ದು. ಕುಂಡಿ ಹತ್ತಿರ ಹರದು, ದಡಿ ಕಿತ್ತು, ತೇಪಿ ಹಾಕಿ, ತೇಪಿ ಮ್ಯಾಲ ತೇಪಿ ಹಾಕಿ, ಇನ್ನ ಉಡಾಕ ಬರೂದಿಲ್ಲ ಅಂದ ಮ್ಯಾಲ ಅದರಾಗ ಗಟ್ಟಿ ಇದ್ದಷ್ಟು ತಗದು ಕೌದಿಗೆ ಹಾಕತಿದ್ರು. ಗಟ್ಟಿ ಸೀರಿ ಕೊಯ್ದು ಕೌದಿ ಮಾಡಿದ ಮನಿ ಯಾವುದು ಹೇಳು? ನೀ ಕೊಯ್ಯಾಕ ಹೊಂಟದ್ದು ಜೀವ ಇದ್ದ ಸೀರಿ. ಅದನ್ನ ಕೊಯ್ಯದ ನಿಲುವಂಗಿ ಮಾಡಾಕ ಬರತೈತಿ, ಅದಕ್ಕ ಹೇಳತೀನಿ.

ಕಿರಿಯಳು: ಹೆಂಗ?

ಹಿರಿಯಳು: ಸೀರಿ ಅಡ್ಡ ಹಿಡಿ. ಅದರ ಅಗಲ, ನಲವತ್ತೆಂಟು ಇಂಚು ಅಂತ ಹಿಡಿ, ಅದು ನಿಲುವಂಗಿಯ ಕೆಳಗಿನ ಉದ್ದ ಆಗತೈತಿ. ಹದಿನಾರು ವರ್ಷದ ಹುಡುಗನಿಗೆ ನಡಾದಿಂದ ಹರಡಿನ ತನಕ ಮೂವತ್ತೆಂಟು ಬೇಕಾದೀತು. ಉಳಿದ ಹತ್ತು ಇಂಚು ಮ್ಯಾಲಿನ ಕಡೆ ಒಳಗ ಮಡಚು, ಕೊಯ್ಯಬ್ಯಾಡ. ಕೆಳಗಿನ ದಡಿ ತಾನ ಸುತ್ತಲೂ ಅಂಚಾಗಿ ನಿಂದರತೈತಿ, ಎಲ್ಲಿಯೂ ತುಂಡಾಗೂದಿಲ್ಲ. ಎಂಟು ಮೀಟರ ಉದ್ದ ಪೂರಾ ಘೇರಿಗೆ ಬರತೈತಿ. ಅದನ್ನ ಸಣ್ಣ ಸಣ್ಣ ನಿರಿಗಿ ಹಿಡದು, ಗಟ್ಟಿ ಹತ್ತಿ ಪಟ್ಟಿಗೆ ಕೈಸೂಜಿಲೆ ಹೊಲಿ. ಭಾರ ಎಲ್ಲಾ ಪಟ್ಟಿ ಮ್ಯಾಲ ಬೀಳಬೇಕು, ಸೀರಿ ಎಳಿ ಮ್ಯಾಲ ಬೀಳಬಾರದು. ಮೈಗೆ ಮತ್ತ ತೋಳಿಗೆ ಬ್ಯಾರೆ ಅರಿವಿ ತಗೋ. ನಾಟಕ ಮುಗದ ಮ್ಯಾಲ ದಾರ ಎಳದರ ಸೀರಿ ಇದ್ದಂಗ ಇರತೈತಿ. ಹತ್ತಿಯಾಗಿನ ಸೂಜಿ ತೂತು ಒಂದು ಒಗತಕ್ಕ ಮುಚ್ಚತಾವು. ರೇಷ್ಮಿಯಾಗ ಮುಚ್ಚೂದಿಲ್ಲ, ಅದಕ್ಕ ಸೆರಗಿನ ಭಾಗಕ್ಕ ಸೂಜಿ ತಾಗಿಸಬ್ಯಾಡ, ತಾಗಿಸಲೇಬೇಕಂದ್ರ ಎಲ್ಲಕ್ಕೂ ಸಣ್ಣ ಸೂಜಿ ತಗೋ.

ಕಿರಿಯಳು: ಕೇಳಾಕ ಚೊಲೋ ಐತಿ. ಆದ್ರ ಎಂಟು ಮೀಟರ ಅರಿವಿ, ಅದೂ ಒಳಗ ಮಡಚಿ ಎರಡು ಪದರು ಆದದ್ದು, ನಡಾದಾಗ ನಿರಿಗಿ ಹಿಡದ್ರ ಹುಡುಗ ಡೊಳ್ಳು ಕಟಿಗೊಂಡವರಂಗ ಕಾಣತಾನ. ಕಳಿ ಕೊಯ್ದ ಜಾಮಾದ ಚೆಂದ ಇರೂದ ನಡಾ ಸಣ್ಣ ಇರೂದರಾಗ. ನೀವು ಅರಿವಿ ಖರೇ ಉಳಸಾಕ ಹೋಗಿ ಆಕಾರ ಸುಳ್ಳು ಮಾಡತೀರಿ. ನೋಡೂ ಮಂದಿಗೆ ಮೂವತ್ತು ಅಡಿ ದೂರದಿಂದ ಕಾಣೂದು ಆಕಾರ. ಟೋಪ ತೆನಿಯ ಕುಣಿಕಿ ಅಲ್ಲಿಂದ ಯಾರಿಗೆ ಕಾಣತೈತಿ?

ಹಿರಿಯಳು: ಯಾವ ಕಾಲದ್ದು ಅಂತ ನಾ ಕೇಳಿದ್ದು ಅದಕ್ಕ. ಆದಿಲಶಾಹಿ ಜಾಮಾ ಆದ್ರ ನಿನ್ನ ಮಾತು ಖರೆ, ಅದಕ್ಕ ನಿರಿಗಿ ಒಗ್ಗೂದಿಲ್ಲ. ಹದಿನೆಂಟನೇ ಶತಮಾನಕ್ಕ ಬಂದ್ರ ಜಾಮಾದ ನಡಾ ಮ್ಯಾಲ ಏರಿತು, ಘೇರು ಬೆಳೀತು, ನಿರಿಗಿ ತುಂಬಿತು. ಪಟವರ್ಧನರ ಕಾಲಕ್ಕ ಇದ ಹತ್ರ. ನಿನ್ನ ನಾಟಕ ಜಮಖಂಡಿದಾದ್ರ ನಿರಿಗಿ ನಿಲುವಂಗಿ ತಪ್ಪಲ್ಲ. ನಡಾದ ಮ್ಯಾಲ ಪಟಕಾ ಬಿಗದ ಸುತ್ತಿದ್ರ ನಿರಿಗಿ ಕೂರತಾವು. ಒಳಗ ಮಡಚಿದ್ದು ದಪ್ಪ ಆತಂದ್ರ ನಡಾದಾಗ ಬ್ಯಾಡ, ಒಂದು ಗೇಣು ಕೆಳಗ ಒಳಗಿನ ಕಡೆ ಒಂದು ದೊಡ್ಡ ಮಡಿಕಿ ಹಾಕು.

ಇಲ್ಲಿ ಇಬ್ಬರ ಮಾತಿನ ನಡುವೆ ಬರಬೇಕಾಗಿದೆ. ಯಾಕೆಂದರೆ ಇಬ್ಬರೂ ನಿಜದ ಬಗ್ಗೆಯೇ ಮಾತಾಡುತ್ತಿದ್ದಾರೆ, ಆದರೆ ಒಂದೇ ನಿಜದ ಬಗ್ಗೆ ಅಲ್ಲ. ಬಟ್ಟೆಯ ನಿಜ ಒಂದು, ಆಕಾರದ ನಿಜ ಇನ್ನೊಂದು. ನಮ್ಮ ಭಾಗದ ರಂಗಭೂಮಿಯ ಚರಿತ್ರೆಯಲ್ಲಿ ಈ ಜಗ್ಗಾಟ ಹೊಸದಲ್ಲ. ಬೀಳಗಿಯಿಂದ ಹೊರಟ ಇಬ್ಬರು ಸೋದರಿಯರಲ್ಲಿ ಅಮೀರಬಾಯಿ ಕರ್ನಾಟಕಿ ಮುಂಬಯಿಯ ಸಿನಿಮಾಕ್ಕೆ ಹೋದರು, ಗೋಹರಬಾಯಿ ಕರ್ನಾಟಕಿ 1930ರ ದಶಕದ ಕೊನೆಯಲ್ಲಿ ಬಾಲಗಂಧರ್ವರ ನಾಟಕ ಮಂಡಳಿಗೆ ಸೇರಿದರು. ಸ್ತ್ರೀ ಪಾತ್ರಗಳಿಗೆ ಹೆಸರಾದ ಬಾಲಗಂಧರ್ವರು ರಂಗದ ಮೇಲೆ ನಕಲಿ ಬಟ್ಟೆಯನ್ನು ಒಪ್ಪುತ್ತಿರಲಿಲ್ಲ. ಬೆಲೆಬಾಳುವ ಶಾಲು, ಪೈಠಣಿಗಳನ್ನೇ ಉಟ್ಟು ನಿಲ್ಲುತ್ತಿದ್ದರು. ಅವರು ಉಟ್ಟದ್ದನ್ನು ನೋಡಿ ಮನೆಯ ಹೆಂಗಸರು ಉಡುವ ರೀತಿ ಬದಲಿಸಿಕೊಂಡರು. ಆ ಧಾರಾಳ ಕಂಪನಿಯನ್ನು ಸಾಲಕ್ಕೂ ತಳ್ಳಿತು. ನಿಜವಾದ ಬಟ್ಟೆ ರಂಗದ ಮೇಲೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ನಟನ ಮೈ ಅದರ ಭಾರಕ್ಕೆ ತಕ್ಕಂತೆ ನಡೆಯುತ್ತದೆ; ಹತ್ತಿ ರೇಷ್ಮೆಗಳು ಬೆಳಕನ್ನು ಹಿಡಿದುಕೊಂಡು ಬಿಡುತ್ತವೆ, ಪಾಲಿಯೆಸ್ಟರ್ ಸುಮ್ಮನೆ ಹೊಳೆದುಬಿಡುತ್ತದೆ. ಕಿರಿಯಳು ಹೇಳುವಂತೆ ಕುಣಿಕೆ ದೂರಕ್ಕೆ ಕಾಣದಿರಬಹುದು. ಆದರೆ ಕುಣಿಕೆಯಿಂದಾಗಿ ಸೆರಗು ಬೀಳುವ ಬಗೆ, ಒಡಲಿಗಿಂತ ಬೇರೆಯಾಗಿ ಬಾಗುವ ಬಗೆ ಕಾಣುತ್ತದೆ.

ಆಕಾರದ ನಿಜಕ್ಕೆ ಇರುವ ತೊಂದರೆ ಬೇರೆ ರೀತಿಯದು. ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ; ಫೋಟೋಗ್ರಫಿ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ, ಹಾಗಾಗಿ ಅವಳ ಫೋಟೋ ಇರಲು ಸಾಧ್ಯವಿಲ್ಲ. ಚೆನ್ನಮ್ಮ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ವೇಷದಲ್ಲಿ 1961ರ ಸಿನಿಮಾದ ಬಿ. ಸರೋಜಾದೇವಿಯವರ ಪಾಲು ದೊಡ್ಡದು, ಕುದುರೆಯೇರಿದ ಪ್ರತಿಮೆಗಳದೂ ಇದೆ. ನಾವು ಇತಿಹಾಸದ ಆಕಾರ ಎಂದು ನಂಬಿರುವುದರಲ್ಲಿ ಎಷ್ಟೋ ಭಾಗ ನಂತರದವರು ಕಟ್ಟಿದ್ದು. ದರ್ಬಾರಿನ ಚಿತ್ರಗಳು ಹೆಚ್ಚು ನಂಬುವಂಥವು, ಆದರೂ ಚಿತ್ರಕಾರ ಒಳಗಿನ ಹೊಲಿಗೆಯನ್ನು ಬರೆಯುವುದಿಲ್ಲ. ಸೀರೆಯ ವಿಷಯ ಹಾಗಲ್ಲ, ಅದು ಕೈಯಲ್ಲೇ ಇದೆ. ಆದ್ದರಿಂದ ನನ್ನ ವಾದ ಇಷ್ಟು: ಮನೆಯಲ್ಲಿ ಐತಿಹಾಸಿಕ ಉಡುಪು ಹೊಲಿಯುವಾಗ ಊಹೆಯ ಆಕಾರಕ್ಕಾಗಿ ಕಣ್ಣೆದುರಿನ ಸಾಕ್ಷಿಯನ್ನು ಕೊಯ್ಯಬಾರದು. ಆಕಾರದಲ್ಲಿ ತಪ್ಪಾದರೆ ನಾಳೆ ಇನ್ನೊಬ್ಬಳು ಹೆಚ್ಚು ಓದಿ, ಹೆಚ್ಚು ಚಿತ್ರ ನೋಡಿ ತಿದ್ದಬಹುದು. ತಿದ್ದಲು ಬಟ್ಟೆ ಉಳಿದಿರಬೇಕು. ಮನೆಹೊಲಿಗೆಯಲ್ಲಿ ಅಳತೆ ತಪ್ಪುವುದು, ಮತ್ತೆ ಬಿಚ್ಚುವುದು, ಹಿಗ್ಗಿಸುವುದು, ಕುಗ್ಗಿಸುವುದು ಇದ್ದದ್ದೇ. ಆ ತಿದ್ದುಪಡಿ ಹೊಲಿಗೆಯಲ್ಲಿ ನಡೆಯಬೇಕು, ಬಟ್ಟೆಯಲ್ಲಿ ನಡೆಯಬಾರದು. ಹೀಗೆಂದರೆ ವಾದ ಮುಗಿಯಿತು ಎಂದಲ್ಲ. ಕಿರಿಯಳ ಬಳಿ ಇನ್ನೂ ಗಟ್ಟಿ ಮಾತುಗಳಿವೆ.

ಕಿರಿಯಳು: ಬಿಚ್ಚಾಕ ಬರೂ ಹೊಲಿಗಿ ಅಂದ್ರ ಬಿಚ್ಚಿಕೊಳ್ಳೂ ಹೊಲಿಗಿನೂ ಹೌದು. ಕಚ್ಚಾ ಹೊಲಿಗಿ ಹಾಕಿ ಹುಡುಗನ್ನ ರಂಗಕ್ಕ ಕಳಿಸಿದ್ರ, ಕತ್ತಿ ಹಿರದು ಎರಡು ಹೆಜ್ಜಿ ಜಿಗದಾಗ ನಡಾ ಕಳಚತೈತಿ. ಸಂಜಿ ಆರಕ್ಕ ಮುಖಕ್ಕ ಬಣ್ಣ ಹಚ್ಚಿದವ ನಡುರಾತ್ರಿ ತನಕ ಅದರಾಗ ಇರಬೇಕು. ಬೆವರತಾನ, ಕೂರತಾನ, ಏಳತಾನ. ಯಂತ್ರದ ಹೊಲಿಗಿ ಇಲ್ಲದ ಇದು ತಡಿಯೂದಿಲ್ಲ.

ಹಿರಿಯಳು: ಮೈಗೆ ಯಂತ್ರ ಹಾಕು. ನಾ ಯಂತ್ರದ ವೈರಿ ಅಲ್ಲ. ಸಿಂಗರ ಯಂತ್ರಕ್ಕ ಪೇಟೆಂಟ ಸಿಕ್ಕದ್ದು 1851ರಾಗ, ಅದಕ್ಕಿಂತ ಮೊದಲಿನ ಜಾಮಾ ಎಲ್ಲಾ ಕೈಹೊಲಿಗಿವ, ಅವೂ ಕುದುರಿ ಏರಿ ದಂಡಿಗೆ ಹೋಗ್ಯಾವು. ಕೈಹೊಲಿಗಿ ಸೋಲೂದು ಸಣ್ಣ ಅರಿವಿ ಮ್ಯಾಲ ದೊಡ್ಡ ಎಳತ ಬಿದ್ದಾಗ. ಅದಕ್ಕ ಪಟ್ಟಿ ಹಚ್ಚು ಅಂದದ್ದು. ಮೈ ಕೊಯ್ಯಾಕ ಗುಳೇದಗುಡ್ಡದ ಖಣ ಹೊಸದು ತಗೋ. ತೋಳು ಮೈ ಕೂಡೂ ಕಡೆ, ಕಂಕುಳಾಗ, ಚೌಕ ತುಂಡೊಂದು ಓರಿಯಾಗಿ ಇಡು. ಹಳೇ ಕುಬಸದ ಗುಟ್ಟು ಅದ. ಆ ಚೌಕ ಇದ್ರ ಕೈ ಮ್ಯಾಲ ಎತ್ತಿದಾಗ ಮೈ ಮ್ಯಾಲ ಏರೂದಿಲ್ಲ, ಹೊಲಿಗಿ ಬಿರಿಯೂದಿಲ್ಲ. ಈಗಿನ ಬ್ಲೌಸಿನಂಗ ಕಂಕುಳ ಗುಂಡಗ ಕೊಯ್ದು ಬಿಗಿ ಹೊಲದ್ರ ಕತ್ತಿ ಎತ್ತಿದ ಕೂಡಲೆ ಹರದು ಹೋಗತೈತಿ. ಎರಡೂ ಮಗ್ಗಲಿಗೆ ಎರಡೆರಡು ಇಂಚು ಒಳಗ ಬಿಡು. ಜಿಪ್ಪು, ಹುಕ್ಕು ಹಚ್ಚಬ್ಯಾಡ, ಕಸಿ ಹಚ್ಚು. ಕಸಿ ಅಂಗಿಗೆ ಅಳತಿ ಕಟಗೊಂಡಷ್ಟು. ಈ ವರ್ಷ ಸಣಕಲ ಹುಡುಗ, ಮುಂದಿನ ವರ್ಷ ಗಟ್ಟಿ ಹುಡುಗ, ಇಬ್ಬರಿಗೂ ಆಗತೈತಿ. ತಿದ್ದೂ ಕೆಲಸ ಅರ್ಧ ಅಲ್ಲೇ ಮುಗೀತು.

ಕಿರಿಯಳು: ಈಗ ಸಿಕ್ಕಿಬಿದ್ರಿ. ಖಣಾನೂ ಮಗ್ಗದ್ದ, ಸೀರಿನೂ ಮಗ್ಗದ್ದ. ಎರಡಕ್ಕೂ ಸರಕಾರ ಭೌಗೋಳಿಕ ಸೂಚ್ಯಂಕ ಕೊಟ್ಟೈತಿ. ಖಣ ಕೊಯ್ಯಾಕ ಅಡ್ಡಿ ಇಲ್ಲ, ಸೀರಿ ಕೊಯ್ದ್ರ ಪಾಪ, ಇದು ಹೆಂಗ?

ಹಿರಿಯಳು: ಖಣ ಹುಟ್ಟೂದ ಕೊಯ್ಯಾಕ. ಒಂದು ಕುಬಸಕ್ಕ ಎಷ್ಟು ಬೇಕೋ ಅಷ್ಟು ಲೆಕ್ಕ ಹಿಡದು, ಎರಡೂ ಕಡೆ ದಡಿ ತೋಳಿನ ತುದಿಗೆ ಬರೂವಂಗ ನೇದಿರತಾರ. ಮೂಲಿ ಮೂಲಿಯಾಗಿ ಮಡಚಿ, ಬಿಡಿಯಾಗಿ ಮಾರತಾರ. ಉಡಿ ತುಂಬೂವಾಗ, ಬಸರಿಗೆ ಕುಬಸ ಮಾಡೂವಾಗ ಅದನ್ನ ಕೊಡೂದು ಹೊಲಿಸಿಕೋ ಅಂತ. ಕತ್ತರಿ ಬೀಳಲಿ ಅಂತ ನೇಕಾರನ ಮನಸಿನಾಗ ಇರತೈತಿ. ಸೀರಿ ನೇಯೂವಾಗ ಅವನ ಮನಸಿನಾಗ ಕತ್ತರಿ ಇರೂದಿಲ್ಲ, ಉಡೂ ಮೈ ಇರತೈತಿ.

ಕಿರಿಯಳು: ನೇಕಾರನ ಮನಸಿನ ಮಾತು ತಗದಿರಿ, ಹಂಗಾದ್ರ ನೇಕಾರನ ಹೊಟ್ಟಿ ಮಾತೂ ಆಡೂಣು. ರಬಕವಿ-ಬನಹಟ್ಟಿಯಾಗ ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದು ಎಷ್ಟೋ ವರ್ಷ ಆತು. ಹತ್ತಿ ಸೀರಿ ಉಡೂವರು ಕಡಿಮಿ ಆದ್ರು ಅಂದ್ರ ಆ ಮಗ್ಗಕ್ಕೂ ಕೆಲಸಿಲ್ಲ. ಇವತ್ತು ಹುಡುಗ್ಯಾರು ಇಳಕಲ್ಲ ಅರಿವಿಯ ಗೌನು, ಖಣದ ಫ್ರಾಕು, ಖಣದ ಜಾಕೀಟು ಹೊಲಸಿಕೊಂಡು ಮದುವಿಗೆ ಹೋಗತಾರ. ಕೊಯ್ದು ಹೊಲಿಯೂದರಿಂದನ ಈ ಅರಿವಿಗೆ ಮತ್ತ ಗಿರಾಕಿ ಬಂದಾರ. ಕೊಯ್ಯಬ್ಯಾಡ ಅನ್ನೂ ಭಕ್ತಿ ಸೀರಿನ್ನ ಟ್ರಂಕಿನ್ಯಾಗ ಇಡತೈತಿ, ಮಗ್ಗನ್ನ ಮೂಲ್ಯಾಗ ಇಡತೈತಿ.

ಹಿರಿಯಳು: ಇದಕ್ಕ ನಾ ಎದುರು ಹೇಳೂದಿಲ್ಲ. ಹೊಸಾ ಅರಿವಿ ತಗೊಂಡು ಎಷ್ಟು ಬೇಕಾದ್ರೂ ಕೊಯ್ಯಿ, ನೇಕಾರನ ಕೈಗೆ ದುಡ್ಡು ಹೋಗತೈತಿ. ಹಳೇ ಸೀರಿ ಕೊಯ್ದ್ರ ಯಾವ ನೇಕಾರನಿಗೆ ಏನು ಸಿಕ್ಕಿತು? ನಿನ್ನ ವಾದ ಹೊಸ ಸೀರಿಗೆ ಸರಿ. ನಾವು ಕೂತದ್ದು ಹಳೇ ಸೀರಿ ಮುಂದ.

ಕಿರಿಯಳು: ಹೊಸದು ತಗೋ ಅಂತೀರಿ. ಹೊಸದರಾಗ ಎಷ್ಟರಾಗ ಸೆರಗು ರೇಷ್ಮಿ ಉಳದೈತಿ? ಅಗ್ಗದ ಸೀರಿಯಾಗ ಆರ್ಟ ಸಿಲ್ಕು, ಪಾಲಿಯೆಸ್ಟರು. ಅದು ಮೈ ಮ್ಯಾಲ ಬೀಳೂ ರೀತಿನ ಬ್ಯಾರೆ. ಬಾಡಿಗಿ ಮಖಮಲ್ಲು ಬ್ಯಾಡ ಅಂತ ಹೊಂಟವಳು ತಿರುಗಿ ಪಾಲಿಯೆಸ್ಟರಿಗೆ ಬರಬೇಕೇನು? ಸಾಲಿ ನಾಟಕಕ್ಕ ಖರೇ ರೇಷ್ಮಿ ಸೆರಗಿಂದು ಹೊಸದು ತರೂವಷ್ಟು ದುಡ್ಡು ಯಾರು ಕೊಡತಾರ? ಇನ್ನೊಂದು ಮಾತು, ನೀವು ಕೇಳಲೇಬೇಕು. ನಾವು ಕೊಯ್ಯಲಿಲ್ಲ ಅಂತ ಇಟಗೋರಿ. ಆ ಸೀರಿ ಉಳೀತೈತಿ ಅಂತ ಏನು ಗ್ಯಾರಂಟಿ? ಹಳೇ ಅರಿವಿ ತಗೊಂಡು ಸ್ಟೀಲಿನ ಭಾಂಡೆ ಕೊಡೂವರು ಓಣಿಗೆ ಬರತಾರ. ಜರಿ ಇದ್ರ ಒಂದು ಬುಟ್ಟಿ, ಇಲ್ಲಂದ್ರ ಒಂದು ಡಬ್ಬಿ. ಎಷ್ಟೋ ಮನಿಯ ಇಳಕಲ್ಲ ಹಂಗ ಹೋಗ್ಯಾವು. ನಿಲುವಂಗಿ ಆದ ಸೀರಿ ಮನ್ಯಾಗರ ಉಳೀತೈತಿ.

ಹಿರಿಯಳು ಇದಕ್ಕೆ ಕೂಡಲೇ ಉತ್ತರ ಕೊಡಲಾರಳು. ಬಿಚ್ಚಬಹುದಾದ ಹೊಲಿಗೆಯ ಪರ ವಾದಿಸುವ ಯಾರೂ ಕೊಡಲಾರರು. ವಸ್ತುವನ್ನು ಅದರ ಪಾಡಿಗೆ ಬಿಟ್ಟರೆ ಅದು ಸುರಕ್ಷಿತ ಎಂಬ ನಂಬಿಕೆ ಮ್ಯೂಸಿಯಮ್ಮಿನ ಕಪಾಟಿಗೆ ಸರಿಹೋಗಬಹುದು, ಮನೆಯ ಟ್ರಂಕಿಗೆ ಸರಿಹೋಗುವುದಿಲ್ಲ. ಮನೆಯಲ್ಲಿ ಉಪಯೋಗವಿದ್ದದ್ದು ಮಾತ್ರ ಉಳಿಯುತ್ತದೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು, ಮನೆ ಕಟ್ಟಿಸಿ ಹಳೆಯ ಪೆಟ್ಟಿಗೆ ಹೊರಹಾಕಿದವರು, ಮಕ್ಕಳ ಹಿಂದೆ ಪುಣೆ ಬೆಂಗಳೂರಿಗೆ ಹೋದವರು, ಇವರೆಲ್ಲರ ಸಾಮಾನಿನಲ್ಲಿ ಮೊದಲು ಕಳಚುವುದು ಇಂಥ ಸೀರೆಯೇ. ಹಾಗಿದ್ದೂ ಕಿರಿಯಳ ವಾದದಲ್ಲಿ ಒಂದು ಸಂದು ಇದೆ. ಉಪಯೋಗ ಬೇಕು ಎನ್ನುವುದರಿಂದ ಕೊಯ್ಯಬೇಕು ಎಂದಾಗುವುದಿಲ್ಲ. ಹಿರಿಯಳು ಹೇಳಿದ ಉಪಾಯದಲ್ಲೂ ಸೀರೆ ರಂಗಕ್ಕೆ ಹೋಗುತ್ತದೆ. ಹೋಗಿ ವಾಪಸು ಬರುತ್ತದೆ, ಮುಂದಿನ ವರ್ಷ ಮುಧೋಳದ ರನ್ನ ವೈಭವ ಉತ್ಸವದ ಮೆರವಣಿಗೆಗೆ ಬೇರೆ ವೇಷವಾಗಿ ಮತ್ತೆ ಹೋಗುತ್ತದೆ. ಕೊಯ್ದ ಜಾಮಾ ಜಾಮಾ ಮಾತ್ರ ಆಗಿರುತ್ತದೆ. ಎಂಟು ಮೀಟರಿನ ಅಖಂಡ ಬಟ್ಟೆ ಮುಂದಿನ ಹೊಲಿಯುವವಳಿಗೆ ಏನು ಬೇಕಾದರೂ ಆಗಬಲ್ಲದು.

ಹಿರಿಯಳು: ನಿನ್ನ ಭಾಂಡೆ ಮಾತಿಗೆ ನನ್ನ ಹತ್ರ ಜವಾಬಿಲ್ಲ, ಒಪ್ಪಿದೆ. ಅದಕ್ಕ ಒಂದು ಗೆರಿ ಹಾಕೂಣು. ಸೀರಿ ಬೆಳಕಿಗೆ ಹಿಡದು ನೋಡು. ಒಡಲಿನಾಗ ಎಳಿ ತೆಳ್ಳಗಾಗಿ ಬೆಳಕು ಚಿಕ್ಕಿ ಚಿಕ್ಕಿ ಬರತೈತಿ, ಕೂಡಿಸಿದ ಕುಣಿಕಿ ಹತ್ರ ಬಿಟ್ಟೈತಿ, ದಡಿ ಕಿತ್ತೈತಿ ಅಂದ್ರ ಅದು ಕೌದಿಗೆ ಹೋಗೂ ಸೀರಿ. ಅದನ್ನ ಕೊಯ್ಯಿ, ಕಳಿ ಮಾಡು, ಆದಿಲಶಾಹಿ ಜಾಮಾ ಹೊಲಿ. ಕುಣಿಕಿ ಗಟ್ಟಿ ಇದ್ರ ಕೊಯ್ಯಬ್ಯಾಡ. ಎರಡಕ್ಕೂ ಮೊದಲ ಬನಹಟ್ಟಿಯ ಸಾದಾ ಹತ್ತಿ ಅರಿವಿಯಾಗ ಒಂದು ಮಾದರಿ ಹೊಲದು ನೋಡು. ತಪ್ಪು ಎಲ್ಲಾ ಅದರ ಮ್ಯಾಲ ಆಗಲಿ.

ಕಿರಿಯಳು: ಮಾದರಿ ಒಪ್ಪಿದೆ. ಈ ಸೀರಿ ಗಟ್ಟಿ ಐತಿ, ಅದೂ ಒಪ್ಪಿದೆ. ಕೊಯ್ಯಲಾರದ ಹೊಲದ್ರ ಒಂದು ದೊಡ್ಡ ತೊಂದರಿ ಉಳೀತೈತಿ, ಅದನ್ನ ನೀವು ನೋಡಲಿಲ್ಲ. ಸೆರಗು. ಕೆಂಪು ಸೆರಗಿನ ಮ್ಯಾಲ ಬಿಳಿ ಗೋಪುರ ಇರತಾವಲ್ಲ, ಸೀರಿ ಉಟ್ಟಾಗ ಸೆರಗು ಹೆಗಲಿಂದ ಇಳೀತೈತಿ ಅಂತ ಅವು ನೆಟ್ಟಗ ಕಾಣೂವಂಗ ನೇದಿರತಾರ. ನೀವು ಸೀರಿ ಅಡ್ಡ ಹಿಡದು ಅಗಲಾನ ಉದ್ದ ಮಾಡಿದ್ರಿ. ಈಗ ಸೆರಗು ನಿಲುವಂಗಿಯ 
ಮುಂದಿನ ಪದರಿಗೆ ಬಂತು, ಗೋಪುರ ಎಲ್ಲಾ ಅಡ್ಡ ಮಲಗಿದುವು. ಅರಿವಿಗೆ ಮರ್ಯಾದಿ ಕೊಡೂದು ಅಂದ್ರ ಅದರ ಮ್ಯಾಲಿನ ಗೋಪುರ ಮಲಗಿಸೂದೇನು? ನಾ ಆದ್ರ ಸೆರಗಷ್ಟ ಬಿಡಿಸಿ, ತಿರುವಿ, ಬೆನ್ನ ಮ್ಯಾಲ ನೆಟ್ಟಗ ಹಚ್ಚತೀನಿ. ಒಂದ ಒಂದು ಕೊಯ್ತ. ದಡಿ ಎಲ್ಲಾ ಉಳೀತೈತಿ, ಒಡಲು ಎಲ್ಲಾ ಉಳೀತೈತಿ.

ಹಿರಿಯಳು: ಆ ಒಂದು ಕೊಯ್ತ ಬೀಳೂದು ಎಲ್ಲಿ? ಕುಣಿಕಿ ಮ್ಯಾಲ. ಅದಕ್ಕಿಂತ ಕಳಿ ಕೊಯ್ದ್ರ ಚೊಲೋ ಇತ್ತು. ಬ್ಯಾರೆ ದಾರಿ ಐತಿ. ಸೆರಗಿನ ಭಾಗಕ್ಕ ನಿರಿಗಿ ಹಿಡೀಬ್ಯಾಡ, ಹೊಲೀಬ್ಯಾಡ, ಸಡಲ ಬಿಡು. ನಡಾದಿಂದ ಎದಿ ಮ್ಯಾಲ ಹಾಸಿ ಹೆಗಲ ಮ್ಯಾಲ ಹಾಕು, ಸರದಾರರು ಶೇಲಾ ಹಾಕತಿದ್ರಲ್ಲ, ಹಂಗ. ಬೆನ್ನ ಮ್ಯಾಲ ಗೋಪುರ ನೆಟ್ಟಗ ಇಳೀತಾವು, ನೇಕಾರ ಹೆಂಗ ನೆನಸಿದ್ದನೋ ಹಂಗ.

ಕಿರಿಯಳು: ಎದಿ ಮ್ಯಾಲ ಶೇಲಾ ಬಂದ್ರ ಎಡಕ್ಕ ಕಟ್ಟಿದ ಕಸಿ ಮುಚ್ಚಿಹೋಗತೈತಿ. ಜಾಮಾ ಅಂತ ಗುರುತು ಹಿಡಿಯೂದ ಆ ಪದರಿನಿಂದ. ನಡಾದಿಂದ ಹೆಗಲಿಗೆ ಒಂದ ಅರಿವಿ ಹೋತಂದ್ರ ನೋಡೂವರಿಗೆ ಹುಡುಗ ಸೀರಿ ಉಟ್ಟಂಗ ಕಾಣತಾನ, ಸರದಾರ ಕಾಣೂದಿಲ್ಲ. ಕತ್ತಿ ಹಿರಿಯೂ ಕೈಗೂ ಅದು ಅಡ್ಡ ಬರತೈತಿ.

ಹಿರಿಯಳು: ಅಡ್ಡ ಬಂದ್ರ ಹಿಂದಿನಿಂದ ತಂದು ಎಡ ಹೆಗಲಿಗೆ ಪಿನ್ನು ಹಾಕು, ಬಲಗೈ ಸಡಲ ಇರತೈತಿ.

ಕಿರಿಯಳು: ಹಿಂದಿನಿಂದ ತಂದ್ರ ಬೆನ್ನಿನ ಗೋಪುರ ಓರಿ ಆಗತಾವು. ಪಿನ್ನು ಚುಚ್ಚೂದೂ ರೇಷ್ಮಿ ಮ್ಯಾಲ. ಅದರಾಗ ಸೂಜಿ ತಾಗಿಸಬ್ಯಾಡ ಅಂದವರು ನೀವ.

ಹಿರಿಯಳು: ಹಂಗಾದ್ರ ಮಾದರಿಗೂ ಒಂದು ಸೆರಗು ಹಚ್ಚು. ಕಾಗದದಾಗ ಗೋಪುರ ಕತ್ತರಿಸಿ ಅದಕ್ಕ ಅಂಟಿಸು, ಮೂರೂ ನಮೂನಿ ಹುಡುಗನಿಗೆ ಹಾಕಿ ನಡಿಸಿ ನೋಡೂಣು. ಅಲ್ಲೀತನಕ ಕತ್ತರಿ ನನ್ನ ಹತ್ರ ಇರಲಿ.

ಕಿರಿಯಳು: ಇರಲಿ. ಸೀರಿ ನನ್ನ ಹತ್ರ ಇರತೈತಿ.